ಉಡಿಯಲ್ಲಿಟ್ಟ ಕೀಲಿಕೈ ಮತ್ತು ನಿಮ್ಮ ತೆರಿಗೆ ಆದೇಶ

ಆದಾಯ ತೆರಿಗೆ ಅಧಿಕಾರಿಗಳಾದ ಮಾನ್ಯರೇ,

ನಮ್ಮ ಅತ್ತಿಗೆ ಹಂಪಮ್ಮ ಒಂದೇ ಬಾಡಿಗೆಗೆ ಎರಡು ಸಲ ತೆರಿಗೆ ಕಟ್ಟಬೇಕೆಂದು ಆದೇಶಿಸಿದ್ದೀರಿ. ಒಮ್ಮೆ ಅವರ ಹೆಸರಿನಲ್ಲಿ, ಅದನ್ನು ಕಟ್ಟಿಯಾಗಿದೆ. ಇನ್ನೊಮ್ಮೆ ಅವರೇ ಮಾಡಿದ ಟ್ರಸ್ಟಿನ ಹೆಸರಿನಲ್ಲಿ, ಅದೂ ಅತಿ ಹೆಚ್ಚಿನ ದರದಲ್ಲಿ. ಮೇಲ್ಮನವಿಯೂ ಬಿದ್ದುಹೋಯಿತು. ಇನ್ನು ನಾಲ್ಕು ಜನರೆದುರು ಹೇಳಿಕೊಳ್ಳುವುದಷ್ಟೇ ಉಳಿದಿದೆ.

ಕಾಲುವೆ ಬರುವ ಮೊದಲು ದೋರನಹಳ್ಳಿಯ ನಮ್ಮ ಹೊಲಗಳಲ್ಲಿ ಭತ್ತದ ನಾಟಿ ಇರಲಿಲ್ಲ. ನೀರು ಬಂತು, ನಾಟಿ ಬಂತು, ನಾಟಿಗೆ ಹೆಣ್ಣಾಳುಗಳು ಬಂದರು, ಅವರ ಕಂಕುಳಲ್ಲಿ ಕೂಸುಗಳು ಬಂದವು. ತಾಯಂದಿರು ಕೆಸರಿಗಿಳಿದರೆ ಕೂಸುಗಳು ಕಾಲುವೆ ದಂಡೆಯ ಜಾಲಿ ನೆರಳಿನಲ್ಲಿ. ಒಂದು ದಿನ ಅಂಬೆಗಾಲಿಡುವ ಕೂಸೊಂದು ನೀರಿನ ಅಂಚಿಗೆ ಹೋದದ್ದನ್ನು ಕಂಡು ಅತ್ತಿಗೆ ಓಡಿಹೋಗಿ ಎತ್ತಿಕೊಂಡರು. ಆಮೇಲೆ ಶಹಾಪುರ ರಸ್ತೆಯಲ್ಲಿದ್ದ ತಮ್ಮ ಹತ್ತಿ ಗೋದಾಮನ್ನು ಟ್ರಸ್ಟಿಗೆ ಬರೆದು, ಅದರ ಬಾಡಿಗೆಯಲ್ಲಿ ಈ ಕೂಸುಗಳಿಗಾಗಿ ಊರಿನಲ್ಲೊಂದು ತೊಟ್ಟಿಲ ಮನೆ ತೆರೆದರು. ಹಂಪಮ್ಮ ಬದುಕಿರುವವರೆಗೆ ಯಾವಾಗ ಬೇಕಾದರೂ ಟ್ರಸ್ಟನ್ನು ರದ್ದು ಮಾಡಿ ಆಸ್ತಿಯನ್ನು ಮರಳಿ ಪಡೆಯಬಹುದೆಂದು ವಕೀಲರು ಟ್ರಸ್ಟ್ ಪತ್ರದಲ್ಲಿ ಬರೆಸಿದರು. ಹಾಗೆ ಮರಳಿ ಪಡೆಯಬಹುದಾದ ಆಸ್ತಿಯ ಆದಾಯ ಅದನ್ನು ಕೊಟ್ಟವರದೇ ಎಂದು ನಿಮ್ಮ ಕಾನೂನೇ ಹೇಳುತ್ತದೆ. ಅದರಂತೆ ಅತ್ತಿಗೆ ತಮ್ಮ ಹೆಸರಿನಲ್ಲೇ ವರ್ಷವೂ ರಿಟರ್ನ್ ಸಲ್ಲಿಸಿದರು.

ಅಲ್ಲಿ ಕೂಸುಗಳನ್ನು ನೋಡಿಕೊಳ್ಳುವ ಅಯ್ಯಮ್ಮನಿಗೆ ಮನೆಯ ಕೀಲಿಕೈ ಕೊಟ್ಟದ್ದು ಮಾತ್ರ ನಮ್ಮ ಕಡೆಯ ಪದ್ಧತಿಯಲ್ಲಿ. ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆಯ ಜೊತೆ ಸೆರಗೊಡ್ಡಿದ ಆಕೆಯ ಉಡಿಯಲ್ಲಿಟ್ಟು.

ವಿಚಾರಣೆಗೆ ಅತ್ತಿಗೆ, ಅಯ್ಯಮ್ಮ, ಟ್ರಸ್ಟಿಯಾದ ನಾನು ಮೂವರೂ ಬಂದೆವು. ಬೇಕೆಂದಾಗ ಇದನ್ನೆಲ್ಲ ತಿರುಗಿ ತೆಗೆದುಕೊಳ್ಳುತ್ತೀರಾ ಎಂದು ನೀವು ಕೇಳಿದಿರಿ. ಪಕ್ಕದಲ್ಲೇ ಅಯ್ಯಮ್ಮ ಕುಳಿತಿದ್ದಳು. ಅತ್ತಿಗೆ ಸೆರಗು ಸರಿಮಾಡಿಕೊಂಡು, "ಉಡ್ಯಾಗ ಹಾಕಿದ್ದು ತಿರುಗಿ ಕೇಳಾಕ ಬರ್ತದೇನ್ರಿ ಸಾಹೇಬ್ರ? ನಿಮ್ಮ ಮನ್ಯಾಗ ಹಂಗ ಮಾಡ್ತಾರೇನು?" ಎಂದರು.

"ಅತ್ತಿಗಿ, ಅವರು ಕಾಗದದ ಮಾತು ಕೇಳಾಕತ್ತಾರ," ಎಂದೆ.

"ನೀ ಸುಮ್ಕಿರಪಾ ಜಗದೇವ. ನಾಳಿ ಈಕಿ ಮಾರಿ ನೋಡಬೇಕಾದಾಕಿ ನಾನು, ನೀನಲ್ಲ."

ಮರಳಿ ಪಡೆಯಲಾಗದು ಎಂದು ನೀವು ಹೇಳಿಕೆ ಬರೆದುಕೊಂಡಿರಿ. ಅತ್ತಿಗೆ ಹೆಬ್ಬೆಟ್ಟು ಒತ್ತಿದರು. ಅವರು ಕಟ್ಟಿದ್ದು ಹಾಗೇ ಇರಲಿ, ಆದಾಯ ಟ್ರಸ್ಟಿನದು ಎಂದು ಅದಕ್ಕೂ ತೆರಿಗೆ ಹಾಕಿದಿರಿ.

ಮಾನ್ಯರೇ, ನಮ್ಮೂರಿನ ಹೆಂಗಸರು ಕಚೇರಿಗಳಲ್ಲಿ ಬಾಯಿಬಿಟ್ಟು ಹೇಳಿದ್ದನ್ನು ಇದುವರೆಗೆ ಯಾರೂ ನಂಬಿರಲಿಲ್ಲ. ಕಾಗದ ತನ್ನಿ ಎನ್ನುತ್ತಿದ್ದರು. ನೋಂದಣಿಯಾದ ಪತ್ರವನ್ನು ಪಕ್ಕಕ್ಕಿಟ್ಟು ಬಾಯಿಮಾತನ್ನು ನಂಬಿದ ಮೊದಲ ಕಚೇರಿ ನಿಮ್ಮದು. ಆ ಗೌರವ ಇದೇ ಒಂದು ಮಾತಿಗೆ ಏಕೆ ಸಿಕ್ಕಿತು? ಈಗ ಟ್ರಸ್ಟನ್ನು ರದ್ದು ಮಾಡಿ ತೋರಿಸಿದರೆ ಮಾತ್ರ ಅದು ರದ್ದು ಮಾಡಬಹುದಾದದ್ದೆಂದು ಒಪ್ಪುವಿರಂತೆ. ಮನುಷ್ಯ ಸಾಯುತ್ತಾನೆ ಎಂಬುದಕ್ಕೂ ಹೀಗೆಯೇ ಪುರಾವೆ ಕೇಳುವಿರೇನು?

ಎರಡನೆಯ ತೆರಿಗೆ ಕಟ್ಟಿದರೆ ತೊಟ್ಟಿಲ ಮನೆ ನಡೆಯದು. ರದ್ದು ಮಾಡಿದರೆ ಅದು ಇರುವುದೇ ಇಲ್ಲ. ಸುದ್ದಿ ತಿಳಿದು ಅಯ್ಯಮ್ಮ ತಾನಾಗಿಯೇ ಬಂದಳು. "ಯವ್ವಾ, ನೀ ಕೇಳಬ್ಯಾಡ, ಕೀಲಿ ನಾನೇ ಇಟ್ಟು ಹೋಗ್ತೀನಿ," ಎಂದಳು. ಅತ್ತಿಗೆ ಗೋಡೆಯ ಕಡೆ ಮುಖ ತಿರುಗಿಸಿದರು. ಕೀಲಿಕೈ ನಮ್ಮ ಮನೆಯ ಕಟ್ಟೆಯ ಮೇಲೆಯೇ ಬಿದ್ದಿದೆ. ಯಾರೂ ಮುಟ್ಟಿಲ್ಲ. ಕಾಲುವೆಗೆ ನೀರು ಬಿಟ್ಟಿದ್ದಾರೆ. ಕೂಸುಗಳು ಮತ್ತೆ ದಂಡೆಯ ಮೇಲಿವೆ.

ಟ್ರಸ್ಟ್ ಪತ್ರವನ್ನು ಇನ್ನೊಮ್ಮೆ ಓದಿ ಆದೇಶವನ್ನು ಹಿಂದಕ್ಕೆ ಪಡೆಯಿರಿ. ಅದಾಗದಿದ್ದರೆ ನೀವೇ ಬಂದು ಆ ಕೀಲಿಕೈ ಎತ್ತಿಕೊಳ್ಳಿ. ನಮ್ಮ ಮನೆಯಲ್ಲಿ ಯಾರಿಗೂ ಕೈ ಬರುತ್ತಿಲ್ಲ. ನೀವು ಎರಡನ್ನೂ ಮಾಡುವುದಿಲ್ಲವೆಂದು ಗೊತ್ತಿದೆ. ಆದರೂ ಕಟ್ಟೆಯ ಮೇಲೆ ನಿಮಗೊಂದು ಚಾಪೆ ಹಾಸಿಟ್ಟಿದ್ದೇನೆ.

ಇಂತಿ,
ಕಟ್ಟೆಯ ಮೇಲಿನ ಕೀಲಿಕೈ ಕಾಯುತ್ತಿರುವ ಟ್ರಸ್ಟಿ
ಜಗದೇವಪ್ಪ, ದೋರನಹಳ್ಳಿ