ದನಿ ತೆಗೆಯುವ ಗುಂಡಿ

ನೆನಿತಾ,

ಮಳೆ ಹಿಡಿದ ಜೂನ್ ತಿಂಗಳ ಸಂಜೆ, ನಿನ್ನ ಅಮ್ಮ ತೀರಿ ವರ್ಷ ತುಂಬಿ ಶೋಕದ ಕಪ್ಪು ಬಟ್ಟೆ ಕಳಚಿದ ದಿನ, ಅವಳು ಹಾಡಿದ ಡಿಸ್ಕು ಹಾಕಿದೆವು. ಬರೀ ವಾದ್ಯ ಕೇಳಿಸಿತು. "ಅಜ್ಜಾ, ಅಮ್ಮನ ದನೀನೇ ಅಳಿಸಿಬಿಟ್ಯಲ್ಲೋ!" ಎಂದು ನೀನು ಅತ್ತುಬಿಟ್ಟೆ. ಅಂದಿನಿಂದ ನನ್ನೊಡನೆ ಮಾತು ಬಿಟ್ಟೆ.

ಪ್ಲೇಯರನ್ನು ಬಾಕೊಲೊಡ್ ಪೇಟೆಯ ರಿಪೇರಿ ಸೆಲ್ಸೊ ನೋಡಿದ. "ಡಿಸ್ಕಿಗೇನೂ ಆಗಿಲ್ಲ ಅಜ್ಜೋ! ಬೀದಿಯೋರೆಲ್ಲ ನಿಮ್ಮನೇಲೇ ಬರೀ ವಾದ್ಯ ಹಾಕ್ಕೊಂಡು ಕರೋಕೆ ಹಾಡ್ತಾರೆ, ದನಿ ತೆಗೆಯೋ ಗುಂಡಿ ಒತ್ತಿ ಹಾಗೇ ಬಿಟ್ಟು ಹೋಗ್ತಾರೆ" ಎಂದು ನಕ್ಕ. ಎರಡೂ ಸ್ಪೀಕರಿನಲ್ಲಿ ಒಂದೇ ಸಮನಾಗಿ ಬರುವುದನ್ನು ಆ ಗುಂಡಿ ಕಳೆದುಬಿಡುತ್ತದಂತೆ. ಹಾಡುವವರ ದನಿ ಬರುವುದೇ ಹಾಗಂತೆ.

ರಿಮೋಟಿನಲ್ಲಿ ಆ ಗುಂಡಿಗೆ ನಿನ್ನ ಅಮ್ಮನ ಉಗುರುಬಣ್ಣ ಹಚ್ಚಿದ್ದೇನೆ. ಒಂದು ಸಲ ಒತ್ತು, ಸಾಕು. ಮೀನು ಹುರಿದು ಮುಚ್ಚಿಟ್ಟಿದ್ದೇನೆ, ಮೊದಲು ಉಣ್ಣು.

ಡಿಸ್ಕಿನಲ್ಲಿ ಹಾಡುವ ಮುಂಚೆ ಅವಳು ಗಂಟಲು ಸರಿಮಾಡಿಕೊಳ್ಳುತ್ತಾಳೆ. ಅಲ್ಲಿಯವರೆಗೆ ಕೇಳಿದೆ, ಮುಂದೆ ಕೇಳಲಾಗಲಿಲ್ಲ, ಆ ಗುಂಡಿಯನ್ನೇ ಮತ್ತೆ ಒತ್ತಿ ನಿಲ್ಲಿಸಿದೆ. ನನ್ನ ಮಗಳು ಹಾಡಿ ಮುಗಿಸಿದ ಮೇಲೆ ಮತ್ತೆ ಅವಳ ದನಿಯಿಲ್ಲದ ಈ ಮನೆಯಲ್ಲಿ ಕೂರುವುದು ನನ್ನಿಂದಾಗದು. ನೀನು ಪೂರ್ತಿ ಕೇಳು. ನಾನು ಸಂಜೆಯವರೆಗೆ ಅವಳ ಸಮಾಧಿಯ ಹತ್ತಿರ ಇರುತ್ತೇನೆ.

ಶನಿವಾರ, ನೀನು ಏಳುವ ಮುಂಚೆ ಹೊರಟೆ.

ಅಜ್ಜ