ಬಸ್‌ಸ್ಟ್ಯಾಂಡಿನ ಮೌನಮ್ಮನ ವಿಷಯ, ಜುಲೇಖಾಗೆ

ಜುಲೇಖಾ ಮಾರಾಯ್ತಿ,

ಹೇಗಿದ್ದೀಯ ಅಂತ ಬರೆಯೋಕೆ ಹೋದೆ. ಅದನ್ನು ಈಗ ನಿನಗೆ ಹೇಗೆ ಕೇಳೋದು? ನನ್ನ ಸಮಾಚಾರವನ್ನೇ ಹೇಳ್ತೀನಿ, ಕೇಳು. ನೀನು ಹೋದಮೇಲೆ ನಮ್ಮ ಕೊಪ್ಪದಲ್ಲಿ ದೊಡ್ಡ ಗದ್ದಲ ಆಯಿತು. ನೀನಿದ್ದಿದ್ದರೆ ಬಳೆ ಅಂಗಡಿ ವ್ಯಾಪಾರ ಬಿಟ್ಟು ಅದನ್ನೇ ನೋಡ್ತಾ ಕೂತಿರ್ತಿದ್ದೆ.

ಮೊನ್ನೆ ಒಂದು ಮಧ್ಯಾಹ್ನ, ಹೊಲಿಗೆ ಮಿಷನ್ನಿಂದ ತಲೆ ಎತ್ತದೆ, 'ಟೀ ತರಿಸ್ಲಾ?' ಅಂತ ಪ್ಲೈವುಡ್ ಹಲಗೆ ಕಡೆ ಕೇಳಿಬಿಟ್ಟೆ. ಇಪ್ಪತ್ತು ವರ್ಷಕ್ಕೂ ಮೇಲೆ ಆ ಹಲಗೆಯ ಆಚೆ ನೀನು, ಈಚೆ ನಾನು. ಗಿರಾಕಿ ಕೈಗೆ ಬಳೆ ಏರಿಸುತ್ತಲೇ 'ಸುಮಿತ್ರಾ, ಕೇಳ್ತಾ ಇದೀಯಾ?' ಅಂತ ಕೂಗ್ತಿದ್ದೆಯಲ್ಲ. ಈಗ ಅಲ್ಲಿ ಮೊಬೈಲ್ ಕವರಿನ ಅಂಗಡಿ. ಅದರವರು ಒಳ್ಳೆಯವರೇ, ಆದರೆ ಕಿವಿಯಲ್ಲಿ ಯಾವಾಗಲೂ ಎಂತದೋ ಸಿಕ್ಕಿಸಿಕೊಂಡಿರ್ತಾರೆ. ನನ್ನ ಮಾತು ಅವರಿಗೆ ಕೇಳಿಸಲಿಲ್ಲ. ಬ್ಲೌಸ್ ಅಳತೆ ಕೊಡೋಕೆ ಬಂದಿದ್ದ ಹೆಂಗಸಿಗೆ ಕೇಳಿಸಿತು. 'ನನಗೆ ಬೇಡ ಅಕ್ಕ, ಈಗಷ್ಟೇ ಕುಡಿದೆ' ಅಂದಳು. ಮನೆಗೆ ಹೋದರಂತೂ ಅಷ್ಟೂ ಮಾತಿಲ್ಲ. ಒಬ್ಬಳಿಗೆ ಎಷ್ಟು ಅಂತ ಮಾತು ಬೇಕು, ಹೇಳು. ಕೆಲವು ದಿನ ಹಾಲಿನವನಿಗೆ 'ಅರ್ಧ ಲೀಟರ್' ಅಂದದ್ದೇ ಮೊದಲನೆಯದು, ಕಡೆಯದು.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಗುರುತಿಲ್ಲದ ಒಬ್ಬ ಹೆಂಗಸು ಬಂದಳು. ನರಸಿಂಹರಾಜಪುರದ ಬಸ್ಸಿಂದ ಇಳಿದು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಕೂತಳು. ನಮ್ಮದೇ ವಯಸ್ಸು. ಹಸಿರು ಅಂಚಿನ ಕಾಟನ್ ಸೀರೆ, ಕೈಯಲ್ಲೊಂದು ಬಟ್ಟೆ ಚೀಲ, ಅಷ್ಟೆ. ಸಂಜೆ ಆದರೂ ಎದ್ದಿಲ್ಲ. ಕ್ಯಾಂಟೀನಿನವರು 'ಎಲ್ಲಿಗೆ ಹೋಗಬೇಕಮ್ಮ?' ಅಂತ ಕೇಳಿದರೆ ಅವರ ಮುಖವನ್ನೇ ನೋಡಿದಳಂತೆ. ಬಾಯಿ ತೆರೆದಳು, ಮುಚ್ಚಿದಳು, ತಲೆ ತಗ್ಗಿಸಿದಳು. ಆಮೇಲೆ ಯಾರು ಕೇಳಿದರೂ ಅದೂ ಇಲ್ಲ.

ಕಾನ್‌ಸ್ಟೇಬಲ್ ಭಾಗ್ಯ ಬಂದಳು. ಅವಳ ಮದುವೆಗೆ ನೀನೇ ಬಳೆ ತೊಡಿಸಿದ್ದೆ, ನೆನಪಿದೆಯಾ? ಪಾಪ, ಕನ್ನಡ, ತುಳು, ಹಿಂದಿ ಎಲ್ಲದರಲ್ಲೂ ಕೇಳಿದಳು. ನಿಮ್ಮ ಮಸೀದಿ ಬೀದಿಯಿಂದ ಒಬ್ಬರನ್ನು ಕರೆಸಿ ಬ್ಯಾರಿ ಮಾತಲ್ಲೂ ಕೇಳಿಸಿದಳು. ಪೆನ್ನು ಕೊಟ್ಟರೆ ಆ ಹೆಂಗಸು ಇಸಕೊಂಡು ಹಾಗೇ ವಾಪಸು ಕೊಟ್ಟಳು. ಆಸ್ಪತ್ರೆಯಲ್ಲಿ ನೋಡಿದ ಡಾಕ್ಟರು ಕಿವಿ ಸರಿ ಇದೆ, ಗಂಟಲು ಸರಿ ಇದೆ, ಇವರು ಮಾತಾಡ್ತಿಲ್ಲ ಅಷ್ಟೆ ಅಂದರು. ಚಿಕ್ಕಮಗಳೂರಿನಲ್ಲಿ ದಿಕ್ಕಿಲ್ಲದ ಹೆಂಗಸರಿಗೆ ಆಶ್ರಯ ಕೊಡುವ ಕಡೆ ಜಾಗ ಆಗುವ ತನಕ ಏನು ಮಾಡೋದು ಅಂತ ಭಾಗ್ಯ ನನ್ನ ಅಂಗಡಿ ಮುಂದೆ ನಿಂತು ಯೋಚಿಸ್ತಿದ್ದಳು.

'ನನ್ನ ಹತ್ತಿರ ಇರಲಿ ಬಿಡು' ಅಂದೆ.

ಯಾಕೆ ಅಂದೆನೋ. ದಯೆ ಅಂತ ಊರಿನವರು ಹೊಗಳಿದರು. ನಿನ್ನ ಹತ್ತಿರ ಸುಳ್ಳು ಹೇಳೋದು ಯಾಕೆ? ಮನೆಯಲ್ಲಿ ಇನ್ನೊಂದು ತಟ್ಟೆ ಇಡೋಣ ಅನ್ನಿಸಿತು.

ಅಲ್ಲಿಗೆ ಶುರುವಾಯಿತು ನೋಡು. ಯಾರೋ ಅವಳ ವಿಡಿಯೋ ಮಾಡಿ 'ಕೊಪ್ಪದ ಮೌನಮ್ಮ' ಅಂತ ಹೆಸರಿಟ್ಟು ಬಿಟ್ಟಿದ್ದರು. ಅದು ಎಲ್ಲಿಗೆಲ್ಲ ಹೋಯಿತೋ ಎಂತದೋ. ನನ್ನ ಅಂಗಡಿ ಮುಂದೆ ಬೆಳಿಗ್ಗೆಯಿಂದ ಜನ. ಒಬ್ಬರು ಹಳೇ ಸಿನಿಮಾ ನಟಿ ಅಂದರು, ಒಬ್ಬರು ಕಾಡಿನಿಂದ ಇಳಿದು ಬಂದ ನಕ್ಸಲ್ ಅಂದರು, ಇನ್ನೊಬ್ಬರು ಮಫ್ತಿ ಪೊಲೀಸ್ ಅಂದರು. ಶೃಂಗೇರಿಗೆ ಹೋಗುವ ಯಾತ್ರಿಕರ ಗಾಡಿಗಳು ನಮ್ಮ ಬೀದಿಯಲ್ಲಿ ನಿಲ್ಲತೊಡಗಿದವು. 'ಮಹಾತಾಯಿ ಮೌನವ್ರತದಲ್ಲಿದ್ದಾರೆ' ಅಂತ ಕಾಲಿಗೆ ಬೀಳುವವರು, ಹಣ್ಣುಕಾಯಿ ಇಡುವವರು. ಒಬ್ಬಳಂತೂ ತನ್ನ ಸೊಸೆಗೆ ಮಕ್ಕಳಾಗುತ್ತಾ ಅಂತ ಕೇಳಿದಳು. ಆ ಹೊತ್ತಿಗೆ ಇವಳು ಕುತ್ತಿಗೆ ಮೇಲೆ ಕೂತ ನೊಣ ಓಡಿಸೋಕೆ ತಲೆ ಕೊಡವಿದಳು ಮಾರಾಯ್ತಿ, ಅಷ್ಟೇ. 'ಆಗೋಲ್ಲ ಅಂದರು' ಅಂತ ಆ ಹೆಂಗಸು ಅಳುತ್ತಾ ಹೋದಳು. ನನಗೆ ನಗು ಬಂತು. ಆಮೇಲೆ ಆ ಮನೆಯ ಸೊಸೆಯ ಗತಿ ಏನೋ ಅಂತ...

ಜನ ಇಲ್ಲದಾಗ ಅವಳು ಸ್ಟೂಲಿನ ಮೇಲೆ ಕೂತು ಬ್ಲೌಸಿಗೆ ಹುಕ್ಸ್ ಹಾಕಿಕೊಡ್ತಿದ್ದಳು. ನಾನು ಹೇಳಿರಲಿಲ್ಲ. ತಾನೇ ಸೂಜಿ ಎತ್ತಿಕೊಂಡಳು. ಒಂದು ದಿನ, ಎರಡು ದಿನ ನಾನೂ ಸುಮ್ಮನಿದ್ದೆ. ಮೂರನೇ ದಿನ ನನ್ನ ಬಾಯಿ ಬಿಚ್ಚಿಕೊಂಡಿತು. ಎಂತ ಎಲ್ಲ ಹೇಳಿದೆ ಗೊತ್ತಾ? ಎಲ್ಲ ನಿನ್ನದೇ ಕತೆ. ನೀನು ಟೋಪಿ ಹೊಲಿಯೋಕೆ ಕೊಟ್ಟ ಬಟ್ಟೆಯಲ್ಲಿ ನಾನು ಚೀಲ ಹೊಲಿದದ್ದು, ನೀನು ರಂಜಾನಿನಲ್ಲಿ ಉಪವಾಸ ಇದ್ದುಕೊಂಡೇ ನನಗೆ ಊಟ ಮಾಡು ಅಂತ ಬಯ್ತಿದ್ದದ್ದು, ನಾವಿಬ್ಬರೂ ಶೃಂಗೇರಿಗೆ ಹೋಗಿ ಹೊಳೆಯ ಮೀನಿಗೆ ಮಂಡಕ್ಕಿ ಹಾಕಿ ಕಡೇ ಬಸ್ಸು ತಪ್ಪಿಸಿಕೊಂಡದ್ದು. ಅವಳು ಕೇಳ್ತಿದ್ದಳೋ ಇಲ್ಲವೋ, ಸೂಜಿ ಮಾತ್ರ ನಡೀತಾ ಇತ್ತು. ನಿನಗೆ ಎದೆನೋವು ಬಂದು ಮಂಗಳೂರಿಗೆ ಆಂಬ್ಯುಲೆನ್ಸ್ ಹೊರಟ ತನಕ ಹೇಳ್ತಾ ಬರ್ತಿದ್ದೆ. ಕಿಟಕಿಯಿಂದ ನೀನು ಕೈ ಬೀಸಿದೆ, ಆಮೇಲೆ... ಅಂತ ಹೇಳಿ ಮಿಷನ್ ತುಳಿಯೋಕೆ ಶುರುಮಾಡ್ತಿದ್ದೆ. ಎಷ್ಟು ಸಲ ಹೇಳಿದರೂ ಅಲ್ಲೇ ನಿಲ್ಲುತ್ತಿತ್ತು.

ಒಂದು ಬೆಳಿಗ್ಗೆ ಹೊಸನಗರ ಕಡೆಯಿಂದ ಒಬ್ಬ ಮುದುಕರು ಬಂದರು. ಹೆಂಡತಿ ಮನೆಯಿಂದ ಹೋಗಿ ಎಷ್ಟೋ ವರ್ಷ ಆಗಿದೆಯಂತೆ. ವಿಡಿಯೋದಲ್ಲಿ ಕಂಡದ್ದು ಅವಳೇ ಅನ್ನಿಸಿ ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಬಾಗಿಲಲ್ಲಿ ನಿಂತು ಕನ್ನಡಕ ಒರೆಸಿ ಹಾಕಿಕೊಂಡು ನೋಡಿದರು.

'ಅಲ್ಲ. ನಮ್ಮವಳಲ್ಲ' ಅಂದರು.

'ನೀರು ಕುಡೀತೀರಾ?' ಅಂದೆ. ಬೇಡ ಅಂತ ತಲೆಯಾಡಿಸಿದರು. ಹೋಗಲೂ ಇಲ್ಲ. 'ಇಷ್ಟು ದೂರ ಬಂದಿದೀನಿ. ಒಂದು ಗಳಿಗೆ ಇಲ್ಲಿ ಕೂರ್ಲಾ?' ಅಂದರು. ಅವಳ ಎದುರು ಕೂತರು. ಅವಳು ಹುಕ್ಸ್ ಹಾಕುತ್ತಾ ಇದ್ದಳು, ಇವರು ಅವಳ ಕೈ ನೋಡ್ತಾ ಇದ್ದರು. ಎದ್ದು ಹೋಗುವಾಗ ಅವಳಿಗೆ ಕೈಮುಗಿದರು. ಅವಳೂ ಮುಗಿದಳು. ಜುಲೇಖಾ, ಆವತ್ತು ಯಾರೂ ವಿಡಿಯೋ ಮಾಡಲಿಲ್ಲ.

ಅದಾಗಿ ಒಂದು ವಾರಕ್ಕೆ ಅವಳ ಅಣ್ಣ ಬಂದ. ತರೀಕೆರೆ ಕಡೆಯವನು, ಬಿಳಿ ಶರ್ಟು, ಕಾರು. ಭಾಗ್ಯ ಜೊತೆಗಿದ್ದಳು. ಅವನು ತೋರಿಸಿದ ಆಧಾರ್ ಕಾರ್ಡಿನಲ್ಲಿ ಇವಳದೇ ಮುಖ, ಗಿರಿಜಾ ಅಂತ ಹೆಸರು. ಸುದ್ದಿ ಹೇಗೆ ಹಬ್ಬಿತೋ, ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯ್ತಿದ್ದವರೂ ನಮ್ಮ ಬಾಗಿಲಿಗೆ ಬಂದರು. ಎಲ್ಲರ ಕೈಯೂ ಮೇಲೆ, ಕೈಯಲ್ಲಿ ಫೋನು. ಮೌನಮ್ಮ ಈಗ ಮಾತಾಡ್ತಾಳೆ, ಮೊದಲ ಮಾತು ಏನಿರಬಹುದು ಅಂತ.

'ಗಿರಿಜಾ, ಮನೆಗೆ ಹೋಗಣ ಬಾ' ಅಂದ ಅಣ್ಣ. ಅವಳು ಸೂಜಿ ಕೆಳಗಿಡಲಿಲ್ಲ. ಅವನು ಫೋನುಗಳ ಕಡೆ ಒಮ್ಮೆ ನೋಡಿ, ದನಿ ಮೆತ್ತಗೆ ಮಾಡಿಕೊಂಡು, 'ನಿನಗೆ ನಾವೇನು ಕಮ್ಮಿ ಮಾಡಿದೀವಿ?' ಅಂದ. ಸೂಜಿ ಅವಳ ಬೆರಳಿಗೆ ಚುಚ್ಚಿತು. ಬಾಗಿಲಲ್ಲಿದ್ದವನೊಬ್ಬ, 'ಅಮ್ಮ, ಸ್ವಲ್ಪ ಈ ಕಡೆ ತಿರುಗಿ' ಅಂದ.

ನಾನು ಎದ್ದು ಶಟರ್ ಎಳೆದುಬಿಟ್ಟೆ. ಅಷ್ಟು ಸಿಟ್ಟು ನನಗೆ ಎಂದೂ ಬಂದಿರಲಿಲ್ಲ. ಹೊರಗೆ ಕೂಗಾಡಿದರು, ಶಟರಿಗೆ ಬಡಿದರು. ಒಳಗೆ ನಾವು ನಾಲ್ಕೇ ಜನ. ಭಾಗ್ಯ ಅಣ್ಣನಿಗೆ, 'ಇವರು ಮನೆಯಲ್ಲೂ ಹೀಗೇನಾ?' ಅಂತ ಕೇಳಿದಳು. ಅವನು ಮೊದಲು ಹಾರಿಕೆ ಮಾತಾಡಿದ. ಭಾಗ್ಯ ಬಿಡಲಿಲ್ಲ. ಕಡೆಗೆ ಹೇಳಿದ. ಇವಳಿಗೆ ಮದುವೆ ಆಗಿಲ್ಲ, ಅಣ್ಣನ ಮನೆಯಲ್ಲೇ ಇದ್ದವಳು. ಅವನ ಮಗಳು ಸೌಮ್ಯ ಬೇರೆ ಜಾತಿಯವನನ್ನು ಇಷ್ಟಪಟ್ಟಳು. ಮನೆಯವರು ಕೂಡಿಹಾಕಿದರು. ಬಾಗಿಲು ತೆಗೆದು ಅವಳನ್ನು ಬಸ್ಸಿಗೆ ಹತ್ತಿಸಿ ಬಂದದ್ದು ಈ ಗಿರಿಜಾ. ಆವತ್ತಿಂದ ಮನೆಯಲ್ಲಿ ಯಾರೂ ಇವಳ ಹತ್ತಿರ ಮಾತಾಡಿಲ್ಲ.

'ಆವತ್ತಿಂದ ಅಂದರೆ?' ಅಂದೆ.

'ನಾಲ್ಕು ವರ್ಷ ಆಯ್ತು. ಆದರೆ ಊಟಕ್ಕೆ, ಬಟ್ಟೆಗೆ ಏನೂ ಕಮ್ಮಿ ಮಾಡಿಲ್ಲ.'

ನಾಲ್ಕು ವರ್ಷ, ಜುಲೇಖಾ. ಒಂದೇ ಸೂರಿನಡಿ. ಬಡಿಸುತ್ತಿದ್ದರಂತೆ, ಸಾಕಾ ಅಂತ ಕೇಳುತ್ತಿರಲಿಲ್ಲವಂತೆ. ವಿಡಿಯೋವನ್ನು ಮೊದಲ ವಾರವೇ ನೋಡಿದ್ದರು. ತಾನಾಗೇ ಬರಲಿ ಅಂತ ಬಿಟ್ಟಿದ್ದರು. ಊರಲ್ಲಿ ಮಾತಾಗತೊಡಗಿದ ಮೇಲೆ ಕಾರು ಹೊರಟಿತು.

ಆಗ ಅವಳು ಸೂಜಿ ಕೆಳಗಿಟ್ಟಳು. ಅಣ್ಣನ ಕಡೆ ತಿರುಗಲಿಲ್ಲ, ನನ್ನ ಕಡೆ ತಿರುಗಿದಳು. ಗಂಟಲಲ್ಲಿ ಎಂತದೋ ಉಜ್ಜಿದ ಹಾಗೆ ಸದ್ದು ಬಂತು, ಮತ್ತೆ ಮಾತು ಬಂತು.

'ಅಡ್ಡಗದ್ದೆಗೆ ಯಾವ ಬಸ್ಸಿಗೆ ಹೋಗಬೇಕು?'

ಇಷ್ಟೇ ಮಾರಾಯ್ತಿ. ಊರೆಲ್ಲ ಕಾದು ಕೂತಿದ್ದ ಮಾತು. ಸೌಮ್ಯ ಇರೋದು ಶೃಂಗೇರಿ ಹತ್ತಿರದ ಅಡ್ಡಗದ್ದೆಯಲ್ಲಿ. ಅವಳನ್ನು ಹುಡುಕಿಕೊಂಡೇ ಹೊರಟಿದ್ದಳು. ಕೊಪ್ಪದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕಿತ್ತು. ಅದು ಯಾವುದು ಅಂತ ಒಬ್ಬರನ್ನು ಕೇಳೋಕೆ ಬಾಯಿ ತೆರೆದರೆ ದನಿಯೇ ಏಳಲಿಲ್ಲ. ಆಮೇಲೆ ಸುತ್ತ ಜನ ಸೇರಿದರು, ಸೇರಿದಷ್ಟೂ ದನಿ ಒಳಗೇ ಹೋಯಿತು, ಪೆನ್ನು ಹಿಡಿದರೂ ಬರೆಯೋಕೆ ಕೈ ಏಳಲಿಲ್ಲವಂತೆ.

'ನಾನು ಆ ಮನೆಗೆ ಬರಲ್ಲ' ಅಂತ ಅಣ್ಣನಿಗೂ ಹೇಳಿದಳು. ಅವನು ಜೋರು ಮಾಡೋಕೆ ನೋಡಿದ. 'ಅವರ ಇಷ್ಟ ಸಾರ್, ಅವರೇನು ಚಿಕ್ಕ ಮಗುವಲ್ಲ' ಅಂದಳು ಭಾಗ್ಯ. ಸೌಮ್ಯಳ ನಂಬರ್ ಹುಡುಕಿ ಫೋನ್ ಮಾಡಿದ್ದೂ ಅವಳೇ. ಸೌಮ್ಯ ಬಾಣಂತಿ, ಅಷ್ಟು ದಿನ ಅವಳ ಕೈಗೆ ಯಾರೂ ಫೋನು ಕೊಟ್ಟಿರಲಿಲ್ಲವಂತೆ, ಅದಕ್ಕೇ ವಿಡಿಯೋ ನೋಡಿರಲಿಲ್ಲ. ಅವಳ ಗಂಡ ವಿಡಿಯೋ ನೋಡಿದ್ದನಂತೆ, ಆದರೆ ಈ ಅತ್ತೆಯ ಮುಖ ಕಂಡವನಲ್ಲ. 'ಅತ್ತೇ' ಅಂತ ಸೌಮ್ಯ ಆ ಕಡೆಯಿಂದ ಕೂಗಿದ್ದು ಸ್ಪೀಕರ್ ಹಾಕದೇ ನಮಗೆಲ್ಲ ಕೇಳಿಸಿತು.

ಮಾರನೇ ದಿನ ಬಸ್ಸಿಗೆ ಹತ್ತಿಸೋಕೆ ಹೋದವಳು, ಅವಳೊಬ್ಬಳೇ ಹೇಗೆ ಹೋಗೋದು ಅನ್ನಿಸಿ ನಾನೂ ಹತ್ತಿ ಕೂತೆ. ಶೃಂಗೇರಿಗೆ ಎರಡು ಟಿಕೆಟ್. ಸೌಮ್ಯಳ ಗಂಡ ಅಲ್ಲಿಗೆ ಬಂದು ಕರೆದುಕೊಂಡು ಹೋಗುತ್ತೀನಿ ಅಂದಿದ್ದ. ಬಸ್ಸು ಹರಿಹರಪುರ ದಾಟಿತು. ಆಮೇಲೆ ಅವಳೇ ಕೇಳಿದಳು, ಒಂದೊಂದೇ ಮಾತು ಹುಡುಕಿ ತೆಗೆದ ಹಾಗೆ. 'ಜುಲೇಖಾ ಅವರು ಕಿಟಕಿಯಿಂದ ಕೈ ಬೀಸಿದರು. ಆಮೇಲೆ? ಅದನ್ನ ನೀವು ಹೇಳಲೇ ಇಲ್ಲ.'

ಅಷ್ಟು ದಿನ ಕೇಳಿಸಿಕೊಂಡಿದ್ದಳು. ನನಗೆ ಅಳು ಬಂತು. ನೀನು ಹೋದಮೇಲೆ ನಾನು ಅತ್ತಿರಲಿಲ್ಲ ಅಂತ ಆಗಲೇ ಗೊತ್ತಾದದ್ದು. ಮುಂದಿನ ಸೀಟಿನವರು ತಿರುಗಿ ನೋಡಿದರು, ನೋಡಲಿ ಬಿಡು. ಅವಳಿಗೆ ಹೇಳಿದೆ. ಅವಳಿಗೆ ಹೇಳಿದ್ದನ್ನು ನಿನಗೆ ಹೇಳದೆ ಇರೋಕಾಗುತ್ತಾ? ನಿನ್ನದೇ ವಿಷಯ, ನಿನಗೇ ಗೊತ್ತಿಲ್ಲ.

ನಿನ್ನನ್ನು ಮಂಗಳೂರಿನಿಂದ ತಂದಾಗ ಮಳೆ ಬಿಟ್ಟಿತ್ತು. ನಮ್ಮ ಬೀದಿಯಲ್ಲಿ ಯಾರೂ ಯಾರಿಗೂ ಹೇಳಲಿಲ್ಲ, ಒಂದೊಂದೇ ಅಂಗಡಿಯ ಬಾಗಿಲು ತಾನಾಗೇ ಬಿತ್ತು. ಬಾಕಿ ಇಟ್ಟಿದ್ದೀಯ ಅಂತ ನೀನು ಯಾವಾಗಲೂ ಜಗಳ ಆಡ್ತಿದ್ದ ಹೂವಿನ ಅಂಗಡಿಯವರೂ ಬಾಗಿಲು ಹಾಕಿದರು. ನಿನ್ನ ಮನೆಯಲ್ಲಿ ಹೆಂಗಸರ ಜೊತೆ ಕೂತಿದ್ದೆ. ನಿನ್ನನ್ನು ಎತ್ತಿಕೊಂಡು ಹೊರಟಾಗ ಹೆಂಗಸರೆಲ್ಲ ಒಳಗೇ ಉಳಿದರು. ನನಗೆ ಕೂರೋಕೆ ಆಗಲಿಲ್ಲ. ಹಿಂದಿನಿಂದ ನಡೆದು ಖಬರಸ್ತಾನದ ಗೇಟಿನ ತನಕ ಬಂದೆ. ಒಳಗೆ ಹೋಗೋದು ಸರಿಯಲ್ಲ ಅಂತ ಗೊತ್ತಿತ್ತು. ಗೇಟಿನ ಹೊರಗೆ ನಿಂತೆ. ನನಗೆ ಕಂಡದ್ದು ಬೆನ್ನುಗಳು ಮಾತ್ರ.

ಎಲ್ಲ ಮುಗಿದ ಮೇಲೆ ನಿನ್ನ ಮಗ ರಫೀಕ್ ಹೊರಗೆ ಬಂದ. ಕೈಯೆಲ್ಲ ಕೆಂಪು ಮಣ್ಣು. ನನ್ನನ್ನು ನೋಡಿ ನಿಂತ. 'ಆಂಟಿ, ಮಣ್ಣು ಹಾಕುವಾಗ ನಿಮ್ಮ ಲೆಕ್ಕದ್ದೂ ಒಂದು ಹಿಡಿ ಹಾಕಿದೀನಿ' ಅಂದ.

ನಿನ್ನ,
ಸುಮಿತ್ರಾ