ಎರಡು ನಕಲು

ಆನೆಕೊಂಡ
೧೮-೮-೧೯೬೪

ಭಾನುವಳ್ಳಿಯ ವಾಮದೇವಪ್ಪನವರಿಗೆ ಬಸವಣ್ಣೆಮ್ಮ ಮಾಡುವ ನಮಸ್ಕಾರ.

ಕಾಲುವೆ ನೀರಿನ ಜಗಳದಲ್ಲಿ ನಿಮ್ಮ ತಮ್ಮ ನನ್ನ ಗಂಡನನ್ನು ಗುದ್ದಲಿಯಿಂದ ಹೊಡೆದು ಕೊಂದ. "ನಮ್ ತಮ್ಮಂಗೆ ಹತ್ತು ವರ್ಷದಿಂದ ತಲೆ ನೆಟ್ಟಗಿಲ್ರಿ ಸಾಹೇಬ್ರೆ, ತಾನೇನ್ ಮಾಡ್ತೀನಂತ ಅವ್ನಿಗೇ ತಿಳಿಯಂಗಿಲ್ಲ" ಎಂದು ನೀವು ಪ್ರಮಾಣ ಮಾಡಿ ಸಾಕ್ಷಿ ಹೇಳಿದಿರಿ. ಹುಚ್ಚನ ಮೇಲೆ ಕೊಲೆಯ ಹೊಣೆ ಬರುವುದಿಲ್ಲವೆಂದು ಕೋರ್ಟು ಅವನನ್ನು ಆಸ್ಪತ್ರೆಗೆ ಕಳಿಸಿತು. ನೀವು ರುಮಾಲು ಸರಿಮಾಡಿಕೊಂಡು ನನ್ನತ್ತ ನೋಡಿ ನಕ್ಕಿರಿ. ನಾನು ಅಳುತ್ತ ಕೂರಲಿಲ್ಲ, ನಿಮ್ಮ ಸಾಕ್ಷಿಯ ನಕಲು ತೆಗೆಸಿದೆ. ಪ್ರಮಾಣ ಮಾಡಿ ಸುಳ್ಳು ಹೇಳಿದವರಿಗೆ ಜೈಲಂತೆ.

ಇನ್ನೊಂದು ನಕಲನ್ನು ಹರಿಹರದ ನೋಂದಣಿ ಕಚೇರಿಯಿಂದ ತಂದೆ. ನಾಲ್ಕು ವರ್ಷದ ಹಿಂದೆ ಅದೇ ತಮ್ಮ ತನ್ನ ಪಾಲಿನ ಗದ್ದೆಯನ್ನೆಲ್ಲ ನಿಮಗೆ ಬರೆದುಕೊಟ್ಟ ಪತ್ರ ಅದು. ತಲೆ ನೆಟ್ಟಗಿಲ್ಲದವರು ಬರೆದುಕೊಟ್ಟದ್ದು ಕಾನೂನಿನಲ್ಲಿ ನಿಲ್ಲುವುದಿಲ್ಲವಂತೆ. ಎರಡನ್ನೂ ಅವನ ಹೆಂಡತಿ ಶಾಂತಕುಮಾರಿಯ ಕೈಗೆ ಕೊಟ್ಟೆ. ಆ ಪತ್ರ ರದ್ದಾಗಿ ಗದ್ದೆ ತಿರುಗಿ ಬರಲೆಂದು ಅವಳು ದಾವೆ ಹಾಕಿದ್ದಾಳೆ.

ಗದ್ದೆ ಉಳಿಯಬೇಕಾದರೆ ನಿಮಗೆ ಒಂದೇ ದಾರಿ. ವಾಯಿದೆಯ ದಿನ ತಪ್ಪದೆ ಬನ್ನಿ. ತಮ್ಮನ ತಲೆ ನೆಟ್ಟಗೇ ಇತ್ತೆಂದು ಮತ್ತೆ ಪ್ರಮಾಣ ಮಾಡಿ ಹೇಳಿ.

ಅದರ ನಕಲಿಗೂ ಅರ್ಜಿ ಬರೆದಿಟ್ಟಿದ್ದೇನೆ.

ಇಂತಿ,
ಹಾಲಪ್ಪನ ಹೆಂಡತಿ
ಬಸವಣ್ಣೆಮ್ಮ